ಕ್ರೈಸ್ತ ಧರ್ಮದಲ್ಲಿ ಅಹಂಕಾರ ಮತ್ತು ದೀನತೆ

ಅಹಂಕಾರವನ್ನು ಬಿಡಬೇಕು, ವಿನಯವನ್ನು ತಾಳಬೇಕು ಎಂದು ಬೋಧಿಸದ ಧರ್ಮವಿಲ್ಲ. ಈ ಮಾತು ಎಲ್ಲ ಕಡೆಗೂ ಸಾಮಾನ್ಯವಾದುದರಿಂದಲೇ ನಾವು ಅದನ್ನು ಕೇಳಿಯೂ ಕೇಳದವರಂತೆ ಮುಂದೆ ಸಾಗುವುದುಂಟು. ಆದರೆ ಅಹಂಕಾರವೆಂದರೆ ಏನು, ಅದು ಹುಟ್ಟುವುದು ಎಲ್ಲಿ, ಅದು ಮೊದಲು ಹಿಡಿಯುವುದು ಯಾರನ್ನು, ಅದನ್ನು ಕಳೆದುಕೊಳ್ಳುವ ಬಗೆ ಯಾವುದು ಎಂಬ ಪ್ರಶ್ನೆಗಳನ್ನು ಎತ್ತಿಕೊಂಡ ಕೂಡಲೆ ಒಂದೊಂದು ಧರ್ಮದ ಅನುಭವವೂ ತನ್ನ ವಿಶಿಷ್ಟತೆಯನ್ನು ತೋರತೊಡಗುತ್ತದೆ. ಕ್ರೈಸ್ತ ಧರ್ಮದ ಆಚಾರ್ಯರು ಈ ವಿಷಯವನ್ನು ಶತಶತಮಾನಗಳಿಂದ ಬಹು ಸೂಕ್ಷ್ಮವಾಗಿ ಪರಿಶೀಲಿಸುತ್ತ ಬಂದಿದ್ದಾರೆ. ಅವರ ವಿಚಾರದ ತಿರುಳು ಹೀಗಿದೆ: ಉಳಿದ ದೋಷಗಳು ಮನುಷ್ಯನ ದೌರ್ಬಲ್ಯವನ್ನು ಆಶ್ರಯಿಸಿ ಬೆಳೆಯುತ್ತವೆ, ಅಹಂಕಾರವಾದರೋ ಅವನ ಸದ್ಗುಣವನ್ನೇ ತಿಂದು ಬೆಳೆಯುತ್ತದೆ. ಆದಕಾರಣ ಅದು ದುರ್ಜನರಿಗಿಂತ ಸಜ್ಜನರಿಗೆ, ಸಂಸಾರಿಗಳಿಗಿಂತ ಸಾಧಕರಿಗೆ ಹೆಚ್ಚು ಅಪಾಯಕರ. ಈ ಒಂದು ವಿಚಾರವು ಆ ಧರ್ಮದ ಗ್ರಂಥಗಳಲ್ಲಿಯೂ ಮಠಗಳ ಬಾಳಿನಲ್ಲಿಯೂ ಹೇಗೆ ಬೆಳೆದುಬಂದಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಪದಗಳ ವಿಚಾರ

ಅಹಂಕಾರ ಎಂಬ ಮಾತಿಗೆ ಭಾರತೀಯ ದರ್ಶನಗಳಲ್ಲಿ ಒಂದು ಪಾರಿಭಾಷಿಕ ಅರ್ಥವುಂಟು. ಸಾಂಖ್ಯರ ಸೃಷ್ಟಿಕ್ರಮದಲ್ಲಿ ಪ್ರಕೃತಿಯಿಂದ ಮಹತ್ತು, ಮಹತ್ತಿನಿಂದ ಅಹಂಕಾರ ಹುಟ್ಟುತ್ತದೆ. ಅಲ್ಲಿ ಅದು ಒಂದು ತತ್ತ್ವ. ಕ್ರೈಸ್ತರು ಹೇಳುವ ಅಹಂಕಾರ ಅಂತಹ ತತ್ತ್ವವಲ್ಲ, ಅದು ಸಂಕಲ್ಪದ ದೋಷ. ‘ನಾನು’ ಎಂಬ ಅರಿವೇ ತಪ್ಪೆಂದು ಅವರು ಹೇಳುವುದಿಲ್ಲ. ಜೀವನು ದೇವರ ಸೃಷ್ಟಿ. ಅವನ ವ್ಯಕ್ತಿತ್ವವೂ ದೇವರು ಕೊಟ್ಟದ್ದೇ. ಆದರೆ ಕೊಟ್ಟದ್ದನ್ನು ಪಡೆದುಕೊಂಡವನು ತಾನು ಪಡೆದುಕೊಂಡವನೆಂಬುದನ್ನು ಮರೆತು, ತಾನೇ ಎಲ್ಲಕ್ಕೂ ಮೂಲವೆಂಬಂತೆ ನಡೆಯತೊಡಗಿದರೆ ಅದು ಅಹಂಕಾರ. ಈ ಭೇದವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳದಿದ್ದರೆ ಮುಂದಿನ ವಿಚಾರವೆಲ್ಲವೂ ಗೊಂದಲವಾದೀತು.

ಪಶ್ಚಿಮದ ಕ್ರೈಸ್ತ ಗ್ರಂಥಗಳ ಭಾಷೆಯಾದ ಲ್ಯಾಟಿನ್ನಿನಲ್ಲಿ ಅಹಂಕಾರಕ್ಕೆ ‘ಸುಪೆರ್ಬಿಯಾ’ ಎಂದು ಹೆಸರು. ‘ಸುಪೆರ್’ ಎಂದರೆ ಮೇಲೆ. ಇರುವ ಎತ್ತರಕ್ಕಿಂತ ಮೇಲೆ ಕಾಣಿಸಿಕೊಳ್ಳುವ ಹಂಬಲವೇ ಸುಪೆರ್ಬಿಯಾ. ಇದಕ್ಕೆ ಎದುರಾದ ಗುಣ ‘ಹುಮಿಲಿತಾಸ್’. ಈ ಪದವು ನೆಲ, ಮಣ್ಣು ಎಂಬರ್ಥದ ‘ಹುಮುಸ್’ ಶಬ್ದಕ್ಕೆ ಸಂಬಂಧಿಸಿದುದು. ನಮ್ಮ ವಿನಯ ಎಂಬ ಮಾತಿನಲ್ಲಿ ಸಭ್ಯತೆಯ ಅರ್ಥವೂ ದೀನತೆ ಎಂಬ ಮಾತಿನಲ್ಲಿ ದುಃಸ್ಥಿತಿಯ ಅರ್ಥವೂ ಬೆರೆತಿವೆ. ಹುಮಿಲಿತಾಸ್ ಎಂಬುದು ಇವೆರಡರಲ್ಲಿ ಯಾವುದೂ ಪೂರ್ತಿಯಾಗಿ ಅಲ್ಲ. ಮಣ್ಣಿನಿಂದಾದವನು ತನ್ನ ಕಾಲು ಮಣ್ಣಿನ ಮೇಲಿರುವುದನ್ನು ಮರೆಯದೆ ಇರುವುದೇ ಅದರ ಭಾವ. ಬೇರೆ ಮಾತಿಲ್ಲವಾದ್ದರಿಂದ ಇಲ್ಲಿ ದೀನತೆ ಎಂಬುದನ್ನೇ ಈ ಅರ್ಥದಲ್ಲಿ ಬಳಸಿದೆ.

ಕ್ರೈಸ್ತ ಧರ್ಮ ಹುಟ್ಟಿದ ಕಾಲದ ಗ್ರೀಕ್–ರೋಮನ್ ಜಗತ್ತು ದೀನತೆಯನ್ನು ಸದ್ಗುಣವೆಂದು ಎಣಿಸಿರಲಿಲ್ಲ ಎಂಬುದೂ ಗಮನಾರ್ಹ. ದೀನ ಎಂಬರ್ಥದ ಗ್ರೀಕ್ ಪದವು ಸಾಮಾನ್ಯವಾಗಿ ಕೀಳು, ಹೀನ ಎಂಬ ನಿಂದೆಯ ಮಾತಾಗಿಯೇ ಸಲ್ಲುತ್ತಿತ್ತು. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಬಣ್ಣಿಸಿದ ಮಹಾತ್ಮನು ದೊಡ್ಡ ಗೌರವಕ್ಕೆ ತಾನು ಅರ್ಹನೆಂದು ಬಲ್ಲವನು, ನಿಜವಾಗಿಯೂ ಅರ್ಹನಾದವನು. ಅಂತಹ ಲೋಕದಲ್ಲಿ ಗುಲಾಮರಿಗೆ ಸಲ್ಲುವ ಗುಣವೆಂದು ತಿಳಿದಿದ್ದುದನ್ನು ದೇವರ ಗುಣವೆಂದು ಸಾರಿದುದು ಒಂದು ದೊಡ್ಡ ತಿರುವು.

ಸುವಾರ್ತೆಯ ಬೋಧೆ

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು ಒಂದು ದೃಷ್ಟಾಂತವನ್ನು ಹೇಳುತ್ತಾನೆ. ದೇವಾಲಯಕ್ಕೆ ಪ್ರಾರ್ಥನೆಗಾಗಿ ಇಬ್ಬರು ಬರುತ್ತಾರೆ. ಒಬ್ಬನು ಫರಿಸಾಯ, ಧರ್ಮಶಾಸ್ತ್ರವನ್ನು ನಿಷ್ಠೆಯಿಂದ ಪಾಲಿಸುವವನು. ಇನ್ನೊಬ್ಬನು ಸುಂಕ ವಸೂಲಿ ಮಾಡುವವನು; ಅಂದಿನ ಯೆಹೂದ್ಯರ ಕಣ್ಣಿನಲ್ಲಿ ಪರಕೀಯರಿಗೆ ದುಡಿದು ಸ್ವಜನರನ್ನು ಸುಲಿಯುವ ದ್ರೋಹಿ. ಫರಿಸಾಯನು ತಾನು ಇತರ ಜನರಂತಲ್ಲ, ಅಲ್ಲಿ ನಿಂತಿರುವ ಆ ಸುಂಕದವನಂತೆಯೂ ಅಲ್ಲ ಎಂದು ದೇವರಿಗೆ ಕೃತಜ್ಞತೆಯನ್ನು ಸಲ್ಲಿಸುತ್ತಾನೆ. ವಾರಕ್ಕೆ ಎರಡು ಉಪವಾಸ, ಸಂಪಾದನೆಯಲ್ಲಿ ಹತ್ತನೆಯ ಒಂದು ಪಾಲು ದಾನ ಎಂದು ತನ್ನ ವ್ರತಗಳನ್ನು ನಿವೇದಿಸುತ್ತಾನೆ. ಸುಂಕದವನು ದೂರದಲ್ಲಿ ನಿಂತು, ತಲೆಯೆತ್ತಲೂ ಅಂಜಿ, ಎದೆ ಬಡಿದುಕೊಂಡು ಕರುಣೆಯನ್ನು ಮಾತ್ರ ಬೇಡುತ್ತಾನೆ. ದೇವರಿಗೆ ಒಪ್ಪಿತನಾಗಿ ಮನೆಗೆ ಮರಳಿದವನು ಎರಡನೆಯವನೇ ಎಂದು ಯೇಸುವಿನ ತೀರ್ಮಾನ.

ಇಲ್ಲಿ ಫರಿಸಾಯನು ಸುಳ್ಳು ಹೇಳಿದನೆಂದು ಸುವಾರ್ತೆ ಎಲ್ಲಿಯೂ ಹೇಳುವುದಿಲ್ಲ. ಅವನ ಉಪವಾಸ ನಿಜ, ದಾನ ನಿಜ. ತನ್ನ ಒಳ್ಳೆಯತನಕ್ಕಾಗಿ ಅವನು ದೇವರಿಗೇ ವಂದಿಸುತ್ತಾನೆ ಕೂಡ. ದೋಷವಿರುವುದು ಅವನು ಹಿಡಿದ ಅಳತೆಗೋಲಿನಲ್ಲಿ. ದೇವರ ಮುಂದೆ ನಿಂತವನು ದೇವರನ್ನು ನೋಡದೆ ಪಕ್ಕದವನನ್ನು ನೋಡಿ ತನ್ನನ್ನು ಅಳೆದುಕೊಂಡನು. ಹೀಗೆ ಅವನ ಪುಣ್ಯವೇ ಅವನಿಗೂ ದೇವರಿಗೂ ನಡುವೆ ಗೋಡೆಯಾಯಿತು.

ಈ ಕಥೆ ಓದುಗನಿಗೂ ಒಂದು ಬಲೆಯನ್ನು ಒಡ್ಡುತ್ತದೆ. ಶತಮಾನಗಳ ಕಾಲ ಕ್ರೈಸ್ತರು ಫರಿಸಾಯ ಎಂಬ ಹೆಸರನ್ನು ಕಪಟಿ ಎಂಬರ್ಥದ ಬೈಗುಳವಾಗಿ ಬಳಸಿ, ಒಂದು ಇಡೀ ಜನಾಂಗವನ್ನು ಹೀಗಳೆಯಲು ಅದನ್ನು ನೆಪ ಮಾಡಿಕೊಂಡರು. ಆ ಫರಿಸಾಯನಂತೆ ತಾವಲ್ಲವಲ್ಲ ಎಂದು ಸಂತೋಷಪಟ್ಟವರು ಅವನ ಪ್ರಾರ್ಥನೆಯನ್ನೇ ತಿರುಗಿ ಮಾಡಿದಂತಾಯಿತು. ಅಹಂಕಾರದ ವಿರುದ್ಧ ಹೇಳಿದ ಕಥೆಯಿಂದಲೂ ಅಹಂಕಾರ ಹುಟ್ಟಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ದೀನತೆಯು ಉಪದೇಶವನ್ನು ದಾಟಿ ಕೃತಿಗೆ ಇಳಿಯುತ್ತದೆ. ಮರಣದ ಹಿಂದಿನ ರಾತ್ರಿ ಊಟದ ನಡುವೆ ಯೇಸು ಎದ್ದು, ಮೇಲುಡುಪನ್ನು ತೆಗೆದಿರಿಸಿ, ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ಶಿಷ್ಯರ ಪಾದಗಳನ್ನು ತೊಳೆಯುತ್ತಾನೆ. ಧೂಳಿನ ದಾರಿಯಲ್ಲಿ ನಡೆದು ಬಂದವರ ಕಾಲು ತೊಳೆಯುವುದು ಆ ಕಾಲದಲ್ಲಿ ಸೇವಕರ ಕೆಲಸ. ಆದುದರಿಂದಲೇ ಶಿಷ್ಯನಾದ ಪೇತ್ರನು ಮೊದಲು ಒಪ್ಪುವುದಿಲ್ಲ. ಗುರುವಿನ ಮೇಲಣ ಗೌರವವೇ ಅವನ ನಿರಾಕರಣೆಗೆ ಕಾರಣವೆಂದು ತೋರುತ್ತದೆ. ಆದರೆ ಗುರು ಇಳಿದುಬಂದಾಗ ಅದನ್ನು ಸ್ವೀಕರಿಸಲಾರದ ಮನಸ್ಸಿನಲ್ಲಿಯೂ ಒಂದು ಬಿಗುಪು ಅಡಗಿದೆ. ಸೇವೆ ಮಾಡುವುದಕ್ಕೆ ಬೇಕಾದಷ್ಟೇ ದೀನತೆ ಸೇವೆಯನ್ನು ಸ್ವೀಕರಿಸುವುದಕ್ಕೂ ಬೇಕು.

ಸಂತ ಪೌಲನು ಫಿಲಿಪ್ಪಿ ಪಟ್ಟಣದ ಭಕ್ತರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಇದೇ ವಿಚಾರಕ್ಕೆ ತಾತ್ತ್ವಿಕ ರೂಪವನ್ನು ಕೊಟ್ಟಿದ್ದಾನೆ. ದೇವಸ್ವರೂಪನಾದವನು ಆ ಪದವಿಗೆ ಅಂಟಿಕೊಳ್ಳದೆ, ತನ್ನನ್ನು ಬರಿದು ಮಾಡಿಕೊಂಡು, ದಾಸನ ರೂಪವನ್ನು ತಾಳಿ, ಶಿಲುಬೆಯ ಮರಣದವರೆಗೂ ಇಳಿದನೆಂಬುದು ಅದರ ಭಾವ. ಫಿಲಿಪ್ಪಿಯು ರೋಮನರ ವಸಾಹತು. ಪದವಿ, ಬಿರುದು, ಪೌರತ್ವಗಳಿಗೆ ಬೆಲೆಯಿದ್ದ ಊರು. ಶಿಲುಬೆಯಾದರೋ ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಶಿಕ್ಷೆ. ಅಲ್ಲಿಯ ಜನರಿಗೆ ದೇವರ ಮಹಿಮೆಯನ್ನು ಅವನ ಇಳಿಯುವಿಕೆಯಲ್ಲಿ ಕಾಣಿರೆಂದು ಹೇಳಿದುದು ಸಾಮಾನ್ಯವಾದ ಮಾತಾಗಿರಲಿಲ್ಲ.

ಮರುಭೂಮಿಯ ತಪಸ್ವಿಗಳು

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಗೆ ಸಾವಿರಾರು ಜನ ಕ್ರೈಸ್ತ ತಪಸ್ವಿಗಳು ಹೋಗಿ ನೆಲಸಿದರು. ಏಕಾಂತದಲ್ಲಿ ತಮ್ಮ ಮನಸ್ಸನ್ನು ತಾವೇ ಕಾಯುತ್ತ ಕುಳಿತ ಇವರಿಗೆ ಮನೋವ್ಯಾಪಾರಗಳ ಅಪಾರ ಅನುಭವ ಲಭಿಸಿತು. ಇವರಲ್ಲಿ ವಿದ್ವಾಂಸನಾಗಿದ್ದ ಎವಾಗ್ರಿಯಸ್ (ಮರಣ ಕ್ರಿ.ಶ. 399) ಸಾಧಕನನ್ನು ಕಾಡುವ ಎಂಟು ದುರಾಲೋಚನೆಗಳನ್ನು ಪಟ್ಟಿ ಮಾಡಿದನು. ಹೊಟ್ಟೆಬಾಕತನ, ಕಾಮ, ಧನಾಶೆ, ದುಃಖ, ಕೋಪ, ಜಡತೆ—ಇವಾದ ಮೇಲೆ ಕೊನೆಯ ಎರಡು ಕೀರ್ತಿಕಾಮನೆ ಮತ್ತು ಅಹಂಕಾರ. ಈ ಕ್ರಮ ಅರ್ಥಪೂರ್ಣವಾದುದು. ಮೊದಲಿನ ಶತ್ರುಗಳೊಡನೆ ಹೋರಾಡಿ ಸಾಧಕನು ಗೆದ್ದನೋ, ಆ ಗೆಲುವಿನ ಜಾಗಕ್ಕೇ ಕೀರ್ತಿಕಾಮನೆ ಬಂದು ನಿಲ್ಲುತ್ತದೆ, ಅವನ ಸದ್ಗುಣಗಳನ್ನು ಅವನ ಮುಂದೆಯೇ ಹರಡಿ ತೋರಿಸುತ್ತದೆ ಎಂದು ಎವಾಗ್ರಿಯಸ್ ಕಂಡುಕೊಂಡನು.

ಈ ಅನುಭವವನ್ನು ಪಶ್ಚಿಮಕ್ಕೆ ತಂದವನು ಜಾನ್ ಕ್ಯಾಸಿಯನ್. ಈಜಿಪ್ಟಿನ ತಪಸ್ವಿಗಳ ನಡುವೆ ಇದ್ದು ಬಂದ ಇವನು ಐದನೆಯ ಶತಮಾನದ ಆರಂಭದಲ್ಲಿ ಇಂದಿನ ಫ್ರಾನ್ಸಿನ ಮಾರ್ಸೇ ಪಟ್ಟಣದಲ್ಲಿ ಮಠಗಳನ್ನು ಸ್ಥಾಪಿಸಿ, ಮಠಜೀವನದ ವಿಧಿಗಳನ್ನು ಕುರಿತು ಹನ್ನೆರಡು ಭಾಗಗಳ ಗ್ರಂಥವನ್ನು ಬರೆದನು. ಅದರಲ್ಲಿ ಕೀರ್ತಿಕಾಮನೆಯನ್ನು ಅವನು ಈರುಳ್ಳಿಗೆ ಹೋಲಿಸುತ್ತಾನೆ: ಒಂದು ಸಿಪ್ಪೆಯನ್ನು ಸುಲಿದರೆ ಒಳಗೆ ಇನ್ನೊಂದು ಸಿಪ್ಪೆ ಸಿದ್ಧವಾಗಿರುತ್ತದೆ. ಒಳ್ಳೆಯ ಉಡುಪಿನಿಂದ ಸನ್ಯಾಸಿಯನ್ನು ಕೆಡಿಸಲಾರದ ಕೀರ್ತಿಕಾಮನೆ ಹರಕು ಉಡುಪಿನಿಂದ ಕೆಡಿಸುತ್ತದೆ. ವಾಗ್ಮಿತೆಯಿಂದ ಬೀಳದವನನ್ನು ಮೌನದಿಂದ ಬೀಳಿಸುತ್ತದೆ. ಉಳಿದ ದುರ್ಗುಣಗಳಿಗೆ ಎದುರಾದ ಸದ್ಗುಣವನ್ನು ಬೆಳೆಸಿದರೆ ಅವು ಕುಗ್ಗುತ್ತವೆ. ಇದಕ್ಕೆ ಮಾತ್ರ ಆ ಔಷಧವೇ ಪಥ್ಯವಾಗಿ ಒದಗುತ್ತದೆ ಎಂಬುದೇ ಸಾಧಕರ ದೊಡ್ಡ ತೊಡಕು.

ಅಗಸ್ಟೀನ್ ಮತ್ತು ಗ್ರೆಗರಿ

ಉತ್ತರ ಆಫ್ರಿಕದ ತಗಸ್ತೆ ಎಂಬ ಊರಿನಲ್ಲಿ ಹುಟ್ಟಿದ ಸಂತ ಅಗಸ್ಟೀನ್ (354–430) ಕ್ರೈಸ್ತ ದೀಕ್ಷೆಗೆ ಮೊದಲು ಇಟಲಿಯ ಮಿಲಾನ್ ನಗರದಲ್ಲಿ ಅಲಂಕಾರಶಾಸ್ತ್ರದ ಅಧ್ಯಾಪಕನಾಗಿದ್ದವನು. ಮಾತಿನಿಂದ ಸಭೆಯನ್ನು ಮೆಚ್ಚಿಸುವುದೇ ಅವನ ವೃತ್ತಿ. ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ ಅವನು ಹೊಗಳಿಕೆಯ ಆಶೆಯನ್ನು ಕುರಿತು ದೀರ್ಘವಾಗಿ ವಿಚಾರ ಮಾಡಿದ್ದಾನೆ. ಹೊಟ್ಟೆಯ ಆಶೆ ಎಷ್ಟಿದೆಯೆಂದು ತಿಳಿಯಲು ಉಪವಾಸ ಮಾಡಿ ನೋಡಬಹುದು. ಹೊಗಳಿಕೆಯ ಆಶೆಯನ್ನು ಪರೀಕ್ಷಿಸುವುದು ಹೇಗೆ? ಯಾರೂ ಹೊಗಳಬಾರದೆಂದು ಕೆಟ್ಟ ಬಾಳನ್ನು ಬಾಳಲು ಬರುತ್ತದೆಯೇ? ಕೀರ್ತಿಯನ್ನು ತಿರಸ್ಕರಿಸಿದೆನೆಂಬ ಹೆಮ್ಮೆಯೂ ಕೀರ್ತಿಕಾಮನೆಯೇ ಎಂದು ಅವನು ಎಚ್ಚರಿಸುತ್ತಾನೆ. ಪ್ಲೇಟೋ ಪಂಥದ ಗ್ರಂಥಗಳಿಂದ ತನಗೆ ಗುರಿಯ ದರ್ಶನ ದೊರೆತರೂ ಅಲ್ಲಿಗೆ ಒಯ್ಯುವ ದಾರಿಯಾದ ದೀನತೆ ಅಲ್ಲಿರಲಿಲ್ಲವೆಂದು ಅವನು ಬರೆದಿದ್ದಾನೆ. ‘ದೇವನಗರ’ವೆಂಬ ಅವನ ಮಹಾಗ್ರಂಥದ 14ನೆಯ ಭಾಗದ ಪ್ರಕಾರ ಆದಿಮಾನವನ ಅವಿಧೇಯತೆ ಹೊರಗೆ ಕಾಣಿಸಿದುದು ಆಮೇಲೆ, ಅಹಂಕಾರವು ಒಳಗೆ ಅದಕ್ಕಿಂತ ಮೊದಲೇ ಹುಟ್ಟಿತ್ತು. ಹಣ್ಣನ್ನು ತಿಂದುದು ಫಲ, ತಾನೇ ತನಗೆ ಆಧಾರವಾಗಬಯಸಿದುದು ಬೇರು.

ಕ್ರಿ.ಶ. 590ರಿಂದ 604ರವರೆಗೆ ಪೋಪ್ ಆಗಿದ್ದ ಮಹಾ ಗ್ರೆಗರಿ ಈ ವಿಚಾರವನ್ನು ಶಾಸ್ತ್ರೀಯವಾಗಿ ವಿಂಗಡಿಸಿದನು. ಯೋಬನ ಗ್ರಂಥಕ್ಕೆ ಅವನು ಬರೆದ 35 ಭಾಗಗಳ ವ್ಯಾಖ್ಯಾನದಲ್ಲಿ ಅಹಂಕಾರವು ಪಾಪಗಳಿಗೆಲ್ಲ ರಾಣಿ. ಹೃದಯವನ್ನು ಗೆದ್ದ ಕೂಡಲೆ ಅದನ್ನು ಏಳು ಮುಖ್ಯ ದೋಷಗಳೆಂಬ ಸೇನಾಪತಿಗಳ ವಶಕ್ಕೆ ಒಪ್ಪಿಸುತ್ತದೆ. ಅಹಂಕಾರದಲ್ಲಿ ಅವನು ನಾಲ್ಕು ಬಗೆಗಳನ್ನು ಹೇಳುತ್ತಾನೆ: ತನ್ನಲ್ಲಿರುವ ಒಳ್ಳೆಯದು ತನ್ನಿಂದಲೇ ಆಯಿತೆಂದು ತಿಳಿಯುವುದು, ದೇವರು ಕೊಟ್ಟನೆಂದು ಒಪ್ಪಿದರೂ ತನ್ನ ಅರ್ಹತೆಗಾಗಿ ಕೊಟ್ಟನೆಂದು ಭಾವಿಸುವುದು, ಇಲ್ಲದ ಗುಣವನ್ನು ಇದೆಯೆಂದು ಕೊಚ್ಚಿಕೊಳ್ಳುವುದು, ಇರುವ ಗುಣವು ತನ್ನೊಬ್ಬನಿಗೇ ಇದೆಯೆಂದು ತೋರಿಸಿಕೊಳ್ಳಲು ಇತರರನ್ನು ಕಡೆಗಣಿಸುವುದು. ಲೋಕವು ಸಾಮಾನ್ಯವಾಗಿ ಮೂರನೆಯದನ್ನು ಮಾತ್ರ ಅಹಂಕಾರವೆಂದು ಗುರುತಿಸುತ್ತದೆ. ಉಳಿದ ಮೂರೂ ಸಜ್ಜನರಲ್ಲಿ ಸದ್ದಿಲ್ಲದೆ ಬಾಳುವಂಥವು. ಎರಡನೆಯದಂತೂ ಭಕ್ತಿಯ ವೇಷದಲ್ಲಿಯೇ ಇರುತ್ತದೆ. ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷನು ಜಗದ್ವ್ಯಾಪಿಯಾದ ಬಿರುದನ್ನು ಧರಿಸಿದಾಗ ಗ್ರೆಗರಿಯು ಅದನ್ನು ವಿರೋಧಿಸಿ, ತನ್ನನ್ನು ‘ದೇವರ ಸೇವಕರ ಸೇವಕ’ನೆಂದು ಕರೆದುಕೊಂಡನು. ಇಂದಿಗೂ ಅದು ಪೋಪರ ಬಿರುದುಗಳಲ್ಲಿ ಒಂದು.

ಬೆನೆಡಿಕ್ಟನ ಏಣಿ

ದೀನತೆಯನ್ನು ಒಂದು ಸಂಸ್ಥೆಯ ನಿತ್ಯಜೀವನಕ್ಕೆ ಅಳವಡಿಸಿದ ಕೀರ್ತಿ ಸಂತ ಬೆನೆಡಿಕ್ಟನಿಗೆ ಸಲ್ಲುತ್ತದೆ. ಇಟಲಿಯ ನೂರ್ಸಿಯಾದಲ್ಲಿ ಸುಮಾರು 480ರಲ್ಲಿ ಹುಟ್ಟಿದ ಇವನು ಸುಮಾರು 529ರಲ್ಲಿ ಮಾಂಟೆ ಕ್ಯಾಸಿನೋ ಬೆಟ್ಟದ ಮೇಲೆ ಮಠವನ್ನು ಸ್ಥಾಪಿಸಿ, ಸನ್ಯಾಸಿಗಳಿಗಾಗಿ 73 ಅಧ್ಯಾಯಗಳ ನಿಯಮಾವಳಿಯನ್ನು ಬರೆದನು. ಪಶ್ಚಿಮ ಯುರೋಪಿನ ಮಠಗಳಿಗೆ ಮುಂದೆ ಇದೇ ಆಧಾರವಾಯಿತು. ಇದರ 7ನೆಯ ಅಧ್ಯಾಯದ ವಿಷಯ ದೀನತೆ. ಯಾಕೋಬನು ಕನಸಿನಲ್ಲಿ ಕಂಡ ಸ್ವರ್ಗದ ಏಣಿಯನ್ನು ನೆನೆದು ಬೆನೆಡಿಕ್ಟನು ಹನ್ನೆರಡು ಮೆಟ್ಟಿಲುಗಳನ್ನು ಹೇಳುತ್ತಾನೆ. ನಮ್ಮ ದೇಹವೂ ಆತ್ಮವೂ ಆ ಏಣಿಯ ಎರಡು ಪಕ್ಕದ ಮರಗಳು. ತನ್ನನ್ನು ಹೆಚ್ಚಿಸಿಕೊಂಡವನು ಅದರಲ್ಲಿ ಇಳಿಯುತ್ತಾನೆ, ತಗ್ಗಿದವನು ಏರುತ್ತಾನೆ.

ದೇವರ ಕಣ್ಣಿನಲ್ಲಿ ಸದಾ ಇದ್ದೇನೆಂಬ ಭಯಭಕ್ತಿ ಮೊದಲನೆಯ ಮೆಟ್ಟಿಲು. ಸ್ವೇಚ್ಛೆಯನ್ನು ಪ್ರೀತಿಸದಿರುವುದು, ಗುರುವಿಗೆ ವಿಧೇಯತೆ, ಕಷ್ಟದಲ್ಲಿಯೂ ತಾಳ್ಮೆ, ಮನಸ್ಸಿನ ಕೆಟ್ಟ ಆಲೋಚನೆಗಳನ್ನು ಮಠಾಧಿಪತಿಗೆ ಮರೆಮಾಚದೆ ಅರುಹುವುದು, ಕೀಳಾದ ಕೆಲಸದಲ್ಲಿಯೂ ತೃಪ್ತಿ, ತಾನು ಎಲ್ಲರಿಗಿಂತ ಕಿರಿಯನೆಂಬುದನ್ನು ಬಾಯಿಮಾತಿಗಲ್ಲದೆ ಹೃದಯದಿಂದ ನಂಬುವುದು, ಮಠದ ಸಾಮಾನ್ಯ ನಿಯಮವನ್ನು ಮೀರಿದ ವಿಶೇಷ ಸಾಧನೆಯನ್ನು ಹೂಡದಿರುವುದು, ಮೌನ, ನಗೆಯಲ್ಲಿ ಸಂಯಮ, ಮಿತವೂ ಮೃದುವೂ ಆದ ಮಾತು, ಕೊನೆಗೆ ನಿಂತರೆ ಕುಳಿತರೆ ನಡೆದರೆ ದೇಹದಲ್ಲಿಯೂ ಕಾಣುವ ತಗ್ಗು—ಹೀಗೆ ಉಳಿದ ಮೆಟ್ಟಿಲುಗಳು. ಒಳಗಿನಿಂದ ಹೊರಗೆ ಬರುವ ಈ ಕ್ರಮವನ್ನು ಗಮನಿಸಬೇಕು. ತಗ್ಗಿದ ತಲೆ ಕೊನೆಯ ಮೆಟ್ಟಿಲು. ಮೊದಲ ಹನ್ನೊಂದನ್ನು ಬಿಟ್ಟು ಅದೊಂದನ್ನೇ ಹಿಡಿದವನ ದೀನತೆ ನಟನೆಯಾಗುತ್ತದೆ. ಏಣಿಯ ತುದಿಯಲ್ಲಿ ಇರುವುದು ಪ್ರೇಮ. ಭಯದಿಂದ ಆರಂಭಿಸಿದವನು ಅಲ್ಲಿ ಭಯವನ್ನು ಕಳೆದುಕೊಂಡು ಒಳ್ಳೆಯದನ್ನು ಸಹಜವಾಗಿಯೇ ಮಾಡತೊಡಗುತ್ತಾನೆ.

ಈ ಏಣಿಗಿಂತಲೂ ನನಗೆ ಹೆಚ್ಚು ಬೆಲೆಯುಳ್ಳವೆಂದು ತೋರುವುದು ನಿಯಮಾವಳಿಯ ಉಳಿದ ಅಧ್ಯಾಯಗಳಲ್ಲಿ ಚದರಿರುವ ಸಣ್ಣ ಸಣ್ಣ ಕಟ್ಟಳೆಗಳು. ಮಠದಲ್ಲಿ ಹಿರಿತನವನ್ನು ಎಣಿಸುವುದು ವಯಸ್ಸಿನಿಂದಲೂ ಅಲ್ಲ, ಪೂರ್ವಾಶ್ರಮದ ಪದವಿಯಿಂದಲೂ ಅಲ್ಲ. ಮಠಕ್ಕೆ ಬಂದು ಸೇರಿದ ಕಾಲದಿಂದ. ಮುಖ್ಯ ವಿಷಯಗಳಲ್ಲಿ ಮಠಾಧಿಪತಿಯು ಎಲ್ಲರ ಸಲಹೆಯನ್ನೂ ಕೇಳಬೇಕು, ಏಕೆಂದರೆ ದೇವರು ಒಮ್ಮೊಮ್ಮೆ ಉತ್ತಮವಾದುದನ್ನು ಕಿರಿಯನಿಗೇ ತಿಳಿಸುತ್ತಾನೆ. ಅಡಿಗೆಮನೆಯ ಸೇವೆ ಸರದಿಯ ಮೇಲೆ ಬರುತ್ತದೆ. ವಾರದ ಕೊನೆಗೆ ಸೇವೆ ಮುಗಿಸುವವನೂ ಆರಂಭಿಸುವವನೂ ಎಲ್ಲರ ಪಾದಗಳನ್ನು ತೊಳೆಯಬೇಕು. ಬಂದ ಅತಿಥಿಗಳ ಪಾದವನ್ನು ಸ್ವತಃ ಮಠಾಧಿಪತಿಯೂ ಸಮುದಾಯವೂ ತೊಳೆಯಬೇಕು. ಊಟದ ಸಮಯದಲ್ಲಿ ಗ್ರಂಥ ಓದುವ ವಾರದ ಸರದಿ ಬಂದವನು, ತನಗೆ ಉಬ್ಬು ಬಾರದಿರಲೆಂದು ಪ್ರಾರ್ಥಿಸಿರೆಂದು ಮೊದಲು ಎಲ್ಲರನ್ನೂ ಬೇಡಿಕೊಳ್ಳಬೇಕು. ಚೆನ್ನಾಗಿ ಓದಬಲ್ಲವನಿಗೇ ಆ ಕೆಲಸ ಬರುವುದು, ಆ ಬಲ್ಲವಿಕೆಯಿಂದಲೇ ಅಪಾಯ ಬರುವುದು ಎಂಬುದನ್ನು ಬೆನೆಡಿಕ್ಟನು ಬಲ್ಲನು.

57ನೆಯ ಅಧ್ಯಾಯ ಕುಶಲಕರ್ಮಿಗಳಿಗೆ ಸಂಬಂಧಿಸಿದುದು. ಮಠದಲ್ಲಿ ಕೈಕೆಲಸ ಬಲ್ಲವನು ತನ್ನಿಂದ ಮಠಕ್ಕೆ ಲಾಭವಾಗುತ್ತಿದೆಯೆಂದು ಉಬ್ಬಿದರೆ ಅವನನ್ನು ಆ ಕಸುಬಿನಿಂದ ತೆಗೆಯಬೇಕು. ಅವನು ದೀನತೆಯನ್ನು ಪಡೆದು, ಮಠಾಧಿಪತಿಯು ತಿರುಗಿ ಅಪ್ಪಣೆ ಕೊಟ್ಟರೆ ಮಾತ್ರ ಮುಂದುವರಿಯಬಹುದು. ಇದರಿಂದ ಮಠಕ್ಕೆ ನಷ್ಟವಾಗಲಿ, ಮನುಷ್ಯನು ನಷ್ಟವಾಗಬಾರದು. ಅದೇ ಅಧ್ಯಾಯದಲ್ಲಿ ಮಠದ ವಸ್ತುಗಳನ್ನು ಹೊರಗಿನವರು ಮಾರುವುದಕ್ಕಿಂತ ಸ್ವಲ್ಪ ಕಡಿಮೆ ಬೆಲೆಗೇ ಮಾರಬೇಕೆಂದೂ ಹೇಳಿದೆ. ವ್ಯಕ್ತಿಗೆ ಅಹಂಕಾರವಿದ್ದಂತೆ ಸಂಸ್ಥೆಗೂ ಅಹಂಕಾರವಿರುತ್ತದೆ, ಲೋಭವಿರುತ್ತದೆ ಎಂಬುದನ್ನು ಅರಿತು ಬರೆದ ಮಾತುಗಳಿವು.

ಬರ್ನಾರ್ಡ್ ಕಂಡ ಇಳಿಜಾರು

ಆರು ಶತಮಾನಗಳ ತರುವಾಯ ಫ್ರಾನ್ಸಿನ ಕ್ಲೇರ್ವೋ ಮಠದ ಅಧಿಪತಿಯಾಗಿದ್ದ ಸಂತ ಬರ್ನಾರ್ಡ್ (1090–1153) ಈ ಏಣಿಯನ್ನು ತಲೆಕೆಳಗಾಗಿ ನಿಲ್ಲಿಸಿ ನೋಡಿದನು. ಸುಮಾರು 1125ರಲ್ಲಿ ಅವನು ಬರೆದ ದೀನತೆ ಮತ್ತು ಅಹಂಕಾರಗಳ ಮೆಟ್ಟಿಲುಗಳೆಂಬ ಗ್ರಂಥ ಅಹಂಕಾರದ ಹನ್ನೆರಡು ಮೆಟ್ಟಿಲುಗಳನ್ನು ವರ್ಣಿಸುತ್ತದೆ: ಕುತೂಹಲ, ಚಾಂಚಲ್ಯ, ಹುಚ್ಚು ಹರ್ಷ, ಬಡಾಯಿ, ವಿಶಿಷ್ಟನೆನಿಸಿಕೊಳ್ಳುವ ಹಟ, ದರ್ಪ, ದುಸ್ಸಾಹಸ, ತಪ್ಪಿನ ಸಮರ್ಥನೆ, ಕಪಟದ ತಪ್ಪೊಪ್ಪಿಗೆ, ದಂಗೆ, ಪಾಪಮಾಡುವ ಸ್ವಾತಂತ್ರ್ಯ, ಪಾಪದ ರೂಢಿ. ಮೊದಲನೆಯದು ಕುತೂಹಲ ಎಂಬುದು ಆಶ್ಚರ್ಯವನ್ನುಂಟುಮಾಡಬಹುದು. ಇಲ್ಲಿ ಕುತೂಹಲವೆಂದರೆ ಜ್ಞಾನದ ಆಶೆಯಲ್ಲ. ತನ್ನೊಳಗನ್ನು ನೋಡಿಕೊಳ್ಳುವುದನ್ನು ಬಿಟ್ಟು ಪರರ ಮೇಲೆ ತಿರುಗಾಡುವ ಕಣ್ಣು. ದೊಡ್ಡ ಪತನ ಒಂದು ಸಣ್ಣ ನೋಟದಿಂದ ಆರಂಭವಾಗುತ್ತದೆ. ಫರಿಸಾಯನೂ ಪಕ್ಕಕ್ಕೆ ನೋಡಿದವನೇ ಅಲ್ಲವೇ?

ಐದನೆಯ ಮೆಟ್ಟಿಲಾದ ವಿಶಿಷ್ಟತೆಯ ಹಟವನ್ನು ಬರ್ನಾರ್ಡ್ ಬಹು ಸೊಗಸಾಗಿ ಚಿತ್ರಿಸಿದ್ದಾನೆ. ಈ ಸನ್ಯಾಸಿಗೆ ಉತ್ತಮನಾಗುವುದಕ್ಕಿಂತ ಉತ್ತಮನೆನಿಸಿಕೊಳ್ಳುವುದರಲ್ಲಿ ಆಸಕ್ತಿ. ಊಟಕ್ಕೆ ಕುಳಿತಾಗ ಅವನ ಕಣ್ಣು ಪಂಕ್ತಿಯ ಉದ್ದಕ್ಕೂ ಓಡುತ್ತದೆ. ತನಗಿಂತ ಕಡಿಮೆ ಉಣ್ಣುವವನು ಕಂಡರೆ ಸೋತಂತೆ ಮರುಗಿ ತನ್ನ ಪಾಲನ್ನು ಇನ್ನೂ ಕಡಿಮೆ ಮಾಡಿಕೊಳ್ಳುತ್ತಾನೆ. ತನ್ನ ಮುಖ ತನಗೆ ಕಾಣದಾದ್ದರಿಂದ ಕೈಗಳನ್ನು ನೋಡಿಕೊಂಡು, ಪಕ್ಕೆಲುಬುಗಳನ್ನು ತಡವಿಕೊಂಡು, ತಪಸ್ಸಿನಿಂದ ಎಷ್ಟು ಸೊರಗಿದ್ದೇನೆಂದು ಅಂದಾಜು ಮಾಡುತ್ತಾನೆ. ಹಾಸಿಗೆಯಲ್ಲಿ ಎಚ್ಚರವಾಗಿದ್ದು, ಎಲ್ಲರೊಡನೆ ಪ್ರಾರ್ಥಿಸುವ ಹೊತ್ತಿನಲ್ಲಿ ತೂಕಡಿಸುತ್ತಾನೆ. ಇತರರು ವಿಶ್ರಮಿಸಿಕೊಳ್ಳುವಾಗ ತಾನೊಬ್ಬನೇ ಪ್ರಾರ್ಥನಾಮಂದಿರದ ಮೂಲೆಯಲ್ಲಿದ್ದು, ಹೊರಗೆ ಕುಳಿತವರಿಗೆ ಕೇಳಿಸುವಂತೆ ಕೆಮ್ಮುತ್ತಾನೆ, ನಿಟ್ಟುಸಿರು ಬಿಡುತ್ತಾನೆ. ಬೆನೆಡಿಕ್ಟನು ಸಾಮಾನ್ಯ ನಿಯಮವನ್ನು ಮೀರಬಾರದೆಂದು ಏಕೆ ವಿಧಿಸಿದನೆಂಬುದು ಈ ಚಿತ್ರವನ್ನು ಕಂಡಮೇಲೆ ತಾನಾಗಿ ತಿಳಿಯುತ್ತದೆ.

ಒಂಬತ್ತನೆಯ ಮೆಟ್ಟಿಲು ಇನ್ನೂ ಸೂಕ್ಷ್ಮ. ತಪ್ಪು ಬಯಲಾದಾಗ ಕೆಲವರು ಅದನ್ನು ಇದ್ದುದಕ್ಕಿಂತ ಹಿಗ್ಗಿಸಿ, ನಂಬಲಾರದಷ್ಟು ದೊಡ್ಡದು ಮಾಡಿ ಒಪ್ಪಿಕೊಳ್ಳುತ್ತಾರೆ. ಕೇಳಿದವರು ಇವನ ದೀನತೆ ಎಷ್ಟು ದೊಡ್ಡದೆಂದು ಬೆರಗಾಗಿ, ನಿಜವಾದ ತಪ್ಪನ್ನೂ ಸಂಶಯಿಸುತ್ತಾರೆ. ಅಂಥವನಿಗೆ ಒಂದು ಕಠಿಣ ಮಾತನ್ನಾಗಲಿ ಸಣ್ಣ ಶಿಕ್ಷೆಯನ್ನಾಗಲಿ ಕೊಟ್ಟು ನೋಡಿದರೆ ದೀನತೆಯ ಬಣ್ಣ ಕ್ಷಣದಲ್ಲಿ ಕಳಚಿಬೀಳುತ್ತದೆ. ತನ್ನನ್ನು ತಾನು ಹಳಿದುಕೊಳ್ಳುವುದು ಸುಲಭ, ಮತ್ತೊಬ್ಬರು ಹಳಿದಾಗ ಸಹಿಸುವುದೇ ಒರೆಗಲ್ಲು. ದೀನತೆಯನ್ನು ಬೋಧಿಸೆಂದರೆ ಅಹಂಕಾರವನ್ನೇ ವರ್ಣಿಸಿದೆಯಲ್ಲ ಎಂಬ ಆಕ್ಷೇಪಣೆಯನ್ನು ಊಹಿಸಿಕೊಂಡು ಬರ್ನಾರ್ಡ್ ಗ್ರಂಥದ ಕೊನೆಗೆ ಉತ್ತರ ಕೊಡುತ್ತಾನೆ: ತಾನು ಬಲ್ಲ ದಾರಿಯನ್ನು ಮಾತ್ರ ತಾನು ಹೇಳಬಲ್ಲೆ, ತಾನು ಬಲ್ಲುದು ಇಳಿಯುವ ದಾರಿಯನ್ನು ಎಂಬುದು ಅದರ ಇಂಗಿತ.

ದೀನತೆಯ ನಿಜಸ್ವರೂಪ

ಹಾಗಾದರೆ ದೀನತೆಯೆಂದರೆ ತನ್ನ ಗುಣಗಳನ್ನು ಇಲ್ಲವೆನ್ನುವುದೇ? ಹದಿಮೂರನೆಯ ಶತಮಾನದ ಮಹಾಪಂಡಿತ ಸಂತ ತಾಮಸ್ ಅಕ್ವಿನಾಸ್ ಇದಕ್ಕೆ ಅಲ್ಲವೆಂದು ಉತ್ತರಿಸುತ್ತಾನೆ. ಮನುಷ್ಯನಲ್ಲಿ ದೇವರು ಕೊಟ್ಟದ್ದೂ ಇದೆ, ಅವನ ಸ್ವಂತ ಕೊರತೆಯೂ ಇದೆ. ಕೊಟ್ಟದ್ದನ್ನು ನೋಡಿ ದೊಡ್ಡ ಕಾರ್ಯಕ್ಕೆ ಮನಸ್ಸನ್ನು ಏರಿಸುವುದು ಮಹಾಮನಸ್ಕತೆ. ಕೊರತೆಯನ್ನು ನೋಡಿ ಮನಸ್ಸನ್ನು ಹದದಲ್ಲಿ ಇಡುವುದು ದೀನತೆ. ಇವೆರಡಕ್ಕೂ ವಿರೋಧವಿಲ್ಲ. ಹೀಗೆ ಅರಿಸ್ಟಾಟಲನ ಮಹಾತ್ಮನಿಗೂ ಕ್ರೈಸ್ತ ದೀನನಿಗೂ ಅವನು ಸಂಧಿಯನ್ನು ಕಲ್ಪಿಸಿದನು. ಸ್ಪೇನ್ ದೇಶದ ಸಂತ ತೆರೇಸಾ (1515–1582) ದೇವರು ಈ ಗುಣವನ್ನು ಅಷ್ಟು ಏಕೆ ಮೆಚ್ಚುತ್ತಾನೆಂದು ಚಿಂತಿಸಿ, ದೇವರು ಸತ್ಯಸ್ವರೂಪನಾದುದರಿಂದ ಸತ್ಯದಲ್ಲಿ ನಡೆಯುವುದೇ ದೀನತೆಯೆಂದು ಕಂಡುಕೊಂಡಳು. ಮಣ್ಣಿನ ಮೇಲೆ ನಿಂತವನು ತನ್ನ ಎತ್ತರವನ್ನು ಹೆಚ್ಚಿಸಿಯೂ ಹೇಳಬೇಕಿಲ್ಲ, ತಗ್ಗಿಸಿಯೂ ಹೇಳಬೇಕಿಲ್ಲ.

ಬರ್ನಾರ್ಡನ ಗ್ರಂಥದ ಮೊದಲ ಭಾಗದಲ್ಲಿ ಈ ಸತ್ಯಕ್ಕೂ ಮೂರು ಮೆಟ್ಟಿಲುಗಳಿವೆ: ತನ್ನಲ್ಲಿ ಸತ್ಯವನ್ನು ಕಾಣುವುದು, ನೆರೆಯವರಲ್ಲಿ ಕಾಣುವುದು, ಸತ್ಯವನ್ನು ಸತ್ಯವಾಗಿಯೇ ಕಾಣುವುದು. ತನ್ನ ದೌರ್ಬಲ್ಯವನ್ನು ಅರಿತವನಿಗೆ ಪರರ ದೌರ್ಬಲ್ಯದಲ್ಲಿ ಕನಿಕರ ಹುಟ್ಟುತ್ತದೆ. ಕನಿಕರದಿಂದ ಶುದ್ಧವಾದ ಕಣ್ಣಿಗೆ ದೇವರ ದರ್ಶನವಾಗುತ್ತದೆ. ಹೀಗೆ ದೀನತೆ ತನ್ನೊಳಗೆ ಮುಗಿಯುವ ಗುಣವಲ್ಲ, ನೆರೆಯವರ ಕಡೆಗೆ ತೆರೆಯುವ ಬಾಗಿಲು.

ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಇನ್ನೊಂದು ಹೆಜ್ಜೆ ಮುಂದೆ ಹೋದನು. ಅವನೂ ಮಠದಲ್ಲಿ ಕಠಿಣ ವ್ರತಗಳನ್ನು ಆಚರಿಸಿದವನೇ. ಯೇಸುವಿನ ತಾಯಿ ಮರಿಯಳ ಸ್ತುತಿಗೀತೆಗೆ 1521ರಲ್ಲಿ ಅವನು ಬರೆದ ವ್ಯಾಖ್ಯಾನದ ಪ್ರಕಾರ ದೇವರು ನೋಡಿದುದು ಮರಿಯಳ ದೀನತೆಯೆಂಬ ಸದ್ಗುಣವನ್ನಲ್ಲ, ಆಕೆಯ ಬಡತನದ ಸ್ಥಿತಿಯನ್ನು. ನಿಜವಾದ ದೀನತೆಗೆ ತಾನು ದೀನತೆಯೆಂದು ತಿಳಿದೇ ಇರುವುದಿಲ್ಲ. ತಿಳಿದರೆ ಅದನ್ನು ಕುರಿತು ಹೆಮ್ಮೆ ಬರುತ್ತದೆ ಎಂಬುದು ಅವನ ವಾದ. ಕ್ಯಾಸಿಯನ್ ಹೇಳಿದ ಈರುಳ್ಳಿಯ ತೊಡಕಿಗೆ ಇಲ್ಲಿ ಒಂದು ಪರಿಹಾರದ ಸೂಚನೆಯಿದೆ: ದೀನತೆಯನ್ನು ಗುರಿಯಾಗಿ ನೋಡುತ್ತ ಕುಳಿತರೆ ಅದು ಸಿಕ್ಕುವುದಿಲ್ಲ. ದೇವರನ್ನೂ ನೆರೆಯವರನ್ನೂ ನೋಡುತ್ತಿರುವವನಲ್ಲಿ ಅದು ಅವನಿಗರಿಯದಂತೆ ಬಂದು ಸೇರುತ್ತದೆ.

ದೀನತೆಯ ದುರುಪಯೋಗ

ಇಷ್ಟು ಉದಾತ್ತವಾದ ತತ್ತ್ವವನ್ನು ಬಲಿಷ್ಠರು ತಮ್ಮ ಅನುಕೂಲಕ್ಕೆ ಬಳಸಿಕೊಂಡುದೂ ಉಂಟು. ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಗುಲಾಮರಿಗೆ ವಿಧೇಯತೆಯನ್ನೂ ದೀನತೆಯನ್ನೂ ಬೈಬಲಿನ ಆಧಾರದಿಂದಲೇ ಬೋಧಿಸಲಾಗುತ್ತಿತ್ತು. ಗುಲಾಮಗಿರಿಯಿಂದ 1838ರಲ್ಲಿ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆಯ ಅನುಬಂಧದಲ್ಲಿ ಕ್ರಿಸ್ತನ ಧರ್ಮವೇ ಬೇರೆ, ಗುಲಾಮರ ಒಡೆಯರು ಆಚರಿಸುವ ಧರ್ಮವೇ ಬೇರೆ ಎಂದು ಖಂಡತುಂಡವಾಗಿ ಹೇಳಿದನು. 1960ರಲ್ಲಿ ವ್ಯಾಲೆರಿ ಸೇವಿಂಗ್ ಎಂಬ ಅಮೆರಿಕದ ವಿದುಷಿ ಒಂದು ಪ್ರಬಂಧದಲ್ಲಿ ಇನ್ನೊಂದು ಪ್ರಶ್ನೆಯನ್ನು ಎತ್ತಿದಳು: ಅಹಂಕಾರವೇ ಪಾಪಗಳ ಮೂಲವೆಂಬುದು ಪುರುಷರ ಅನುಭವವನ್ನೇ ಆಧರಿಸಿದ ಮಾತಲ್ಲವೇ? ಇತರರ ಸೇವೆಯಲ್ಲಿಯೇ ತನ್ನತನವನ್ನು ಕಳೆದುಕೊಂಡ ಹೆಣ್ಣಿಗೆ ಇನ್ನೂ ತಗ್ಗೆಂದು ಹೇಳುವುದು ಔಷಧವೋ, ವಿಷವೋ?

ಈ ಆಕ್ಷೇಪಣೆಗಳನ್ನು ತಳ್ಳಿಹಾಕುವಂತಿಲ್ಲ. ಆದರೆ ಇವುಗಳಿಗೆ ಸುವಾರ್ತೆಯಲ್ಲಿಯೇ ಉತ್ತರವಿದೆಯೆಂದು ತೋರುತ್ತದೆ. ಪಾದ ತೊಳೆದವನು ಗುರು, ತೊಳೆಸಿಕೊಂಡವರು ಶಿಷ್ಯರು. ಬರಿದು ಮಾಡಿಕೊಂಡವನು ತುಂಬಿದ್ದವನು. ಮೇಲಿರುವವನು ತಾನಾಗಿ ಇಳಿದುಬರುವುದು ದೀನತೆ, ಕೆಳಗಿರುವವನನ್ನು ಇನ್ನೂ ತುಳಿಯುವುದು ದೌರ್ಜನ್ಯ. ದೀನತೆಯನ್ನು ಪ್ರತಿಯೊಬ್ಬನೂ ತನಗೆ ತಾನೇ ವಿಧಿಸಿಕೊಳ್ಳಬಹುದಲ್ಲದೆ, ಅಧಿಕಾರದಲ್ಲಿರುವವನು ತನ್ನ ಕೈಕೆಳಗಿನವರಿಂದ ಅದನ್ನು ತೆರಿಗೆಯಂತೆ ವಸೂಲು ಮಾಡಬಾರದು.

ಕ್ರೈಸ್ತ ಧರ್ಮಸಂಸ್ಥೆಯೂ ಈ ಪಾಠವನ್ನು ತನಗೆ ಅನ್ವಯಿಸಿಕೊಂಡ ಸಂದರ್ಭಗಳುಂಟು. 2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪಾಲ್ ರೋಮಿನ ಸಂತ ಪೇತ್ರನ ದೇವಾಲಯದಲ್ಲಿ, ಚರ್ಚಿನ ಮಕ್ಕಳು ಇತಿಹಾಸದಲ್ಲಿ ಮಾಡಿದ ಪಾಪಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆಯನ್ನು ಬೇಡಿದರು. ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ಪಾದ ತೊಳೆಯುವ ವಿಧಿ ನಮ್ಮ ನಾಡಿನ ಕ್ಯಾಥೊಲಿಕ್ ಚರ್ಚುಗಳಲ್ಲಿಯೂ ನಡೆಯುತ್ತದೆ. 2013ರಲ್ಲಿ ಆಗತಾನೆ ಪೋಪ್ ಪದವಿಗೇರಿದ್ದ ಫ್ರಾನ್ಸಿಸ್ ಆ ವಿಧಿಯನ್ನು ರೋಮಿನ ಒಂದು ಬಾಲಾಪರಾಧಿಗಳ ಕಾರಾಗೃಹದಲ್ಲಿ ನಡೆಸಿ, ಹೆಣ್ಣುಮಕ್ಕಳ ಮತ್ತು ಮುಸಲ್ಮಾನರ ಪಾದಗಳನ್ನೂ ತೊಳೆದರು. ಅದುವರೆಗೆ ಗಂಡಸರಿಗೆ ಮಾತ್ರ ಮೀಸಲೆಂದಿದ್ದ ಆ ವಿಧಿಯ ನಿಯಮವನ್ನು 2016ರಲ್ಲಿ ಬದಲಿಸಲಾಯಿತು.

ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಅಹಂಕಾರವು ಪರರೊಡನೆ ತನ್ನನ್ನು ಹೋಲಿಸಿಕೊಳ್ಳುವ ನೋಟದಿಂದ ಹುಟ್ಟುತ್ತದೆ. ವ್ರತ, ವಿದ್ಯೆ, ದಾನ, ತ್ಯಾಗ ಯಾವುದೂ ಅದರಿಂದ ಸುರಕ್ಷಿತವಲ್ಲ. ಎರಡನೆಯದಾಗಿ, ದೀನತೆಯೆಂದರೆ ಆತ್ಮನಿಂದೆಯಲ್ಲ. ತನ್ನ ಸ್ಥಿತಿಯನ್ನು ಇದ್ದಂತೆ ಅರಿಯುವುದು. ಆ ಅರಿವು ಪರರ ಮೇಲಣ ಕನಿಕರವಾಗಿ ಪರಿಣಮಿಸದಿದ್ದರೆ ಅದು ಇನ್ನೂ ಅಪೂರ್ಣ. ಮೂರನೆಯದಾಗಿ, ದೀನತೆಯು ಮಾತಿನಲ್ಲಿ ನಿಲ್ಲುವಂಥದಲ್ಲ. ಬೆನೆಡಿಕ್ಟನು ಅದನ್ನು ಅಡಿಗೆಮನೆಯ ಸರದಿಗೆ, ಓದುವವನ ಪೀಠಕ್ಕೆ, ಕುಶಲಕರ್ಮಿಯ ಕೈಗೆ, ಮಾರುವ ವಸ್ತುವಿನ ಬೆಲೆಗೆ ಇಳಿಸಿದುದು ಈ ಕಾರಣದಿಂದಲೇ.

ಬೋಧಿಸುವವರಿಗೆ, ಬರೆಯುವವರಿಗೆ, ಸಂಸ್ಥೆಗಳನ್ನು ನಡೆಸುವವರಿಗೆ ಈ ವಿಚಾರ ವಿಶೇಷವಾಗಿ ಸಲ್ಲುತ್ತದೆ. ಅವರ ಕೆಲಸವೇ ಮೇಲೆ ನಿಂತು ಮಾತಾಡುವುದು. ಓದುವುದಕ್ಕೆ ಎದ್ದು ನಿಲ್ಲುವ ಮುನ್ನ ಉಬ್ಬು ಬಾರದಿರಲೆಂದು ಸಹವಾಸಿಗಳ ಪ್ರಾರ್ಥನೆಯನ್ನು ಬೇಡಿದ ಆ ಸನ್ಯಾಸಿಯ ನಡವಳಿಕೆಯನ್ನು ಅವರು ನೆನಪಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ತನ್ನ ಗುಣವೇ ತನ್ನನ್ನು ಕೆಡಿಸೀತೆಂದು ಬಲ್ಲವನು, ಅದರಿಂದ ಪಾರಾಗಲು ಇತರರ ನೆರವನ್ನು ಬೇಡಲು ನಾಚದವನು, ದೀನತೆಯ ಏಣಿಯಲ್ಲಿ ಆಗಲೇ ಕಾಲಿಟ್ಟವನು.